ಗೋಬರ್ ಗ್ಯಾಸ್ ಡ್ರಮ್ಮಿನ ಏರಿಳಿತ: ಬಿಸಿಲಿನ ಪಾಲೆಷ್ಟು, ಸಗಣಿಯ ಪಾಲೆಷ್ಟು?

ತೇಲುವ ಡ್ರಮ್ಮಿನ ಗೋಬರ್ ಗ್ಯಾಸ್ ಸ್ಥಾವರವನ್ನು ಇಟ್ಟುಕೊಂಡಿರುವ ರೈತ ಬಾಂಧವರು ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತೀರಿ. ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ಡ್ರಮ್ಮು ಚುರುಕಾಗಿ ಮೇಲೇಳುತ್ತದೆ. ಸಂಜೆ ತಂಪಾದ ಮೇಲೆ ಅದೇ ಡ್ರಮ್ಮು ಏಳಲು ಸೋಮಾರಿತನ ಮಾಡುತ್ತದೆ. ಮುಂಗಾರಿನ ಮೊದಲ ಮಳೆ ಕಾದ ಡ್ರಮ್ಮಿನ ಮೇಲೆ ಸುರಿದಾಗಲಂತೂ ಒಲೆ ಹಚ್ಚದೆ ಇದ್ದರೂ ಕಣ್ಣೆದುರಿಗೇ ಡ್ರಮ್ಮು ಕೆಳಗಿಳಿಯುತ್ತದೆ. ಚಳಿಗಾಲ ಬಂದರೆ ಎಲ್ಲರದೂ ಒಂದೇ ದೂರು: ಗ್ಯಾಸು ಸಾಲುತ್ತಿಲ್ಲ.

ಇವುಗಳಿಗೆ ರೈತರು ತಮಗೆ ತೋಚಿದ ಕಾರಣಗಳನ್ನು ಕೊಟ್ಟುಕೊಳ್ಳುತ್ತಾರೆ. ಬಿಸಿಲು ಬಿದ್ದರೆ ಗ್ಯಾಸು ಹೆಚ್ಚು ಹುಟ್ಟುತ್ತದೆ ಎಂದು ಕೆಲವರು, ಡ್ರಮ್ಮು ತೂತಾಗಿದೆ ಎಂದು ಕೆಲವರು, ಸ್ಥಾವರ ಕಟ್ಟಿದ ಮೇಸ್ತ್ರಿಯ ಕೆಲಸವೇ ಸರಿಯಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ವೆಲ್ಡಿಂಗ್‌ಗೆ ಹಣ ಸುರಿದವರುಂಟು. ಬೇಸತ್ತು ಸಗಣಿ ಹಾಕುವುದನ್ನೇ ಬಿಟ್ಟು, ಮತ್ತೆ ಬೆರಣಿ ತಟ್ಟಲು ಹೊರಟವರೂ ಉಂಟು. ಹೀಗೆ ನಿಂತುಹೋದ ಒಂದೊಂದು ಸ್ಥಾವರದಿಂದ ಅಡುಗೆಮನೆಗೆ ಹೊಗೆ ಹಿಂದಿರುಗುತ್ತದೆ, ಹೊಲಕ್ಕೆ ಹೋಗಬೇಕಾದ ಗೊಬ್ಬರ ಒಲೆಯಲ್ಲಿ ಬೂದಿಯಾಗುತ್ತದೆ. ಆದ್ದರಿಂದ ಡ್ರಮ್ಮಿನ ಏರಿಳಿತದಲ್ಲಿ ಬಿಸಿಲಿನ ಪಾಲೆಷ್ಟು, ಸಗಣಿಯ ಪಾಲೆಷ್ಟು ಎಂದು ಬಿಡಿಸಿ ತಿಳಿಯುವುದು ಅಗತ್ಯ. ಇದಕ್ಕೆ ದೊಡ್ಡ ಉಪಕರಣಗಳೇನೂ ಬೇಕಿಲ್ಲ. ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್ಕು ಮತ್ತು ಕೂಡಿಸಿ ಕಳೆಯುವಷ್ಟು ಲೆಕ್ಕ ಸಾಕು.

ಡ್ರಮ್ಮಿನೊಳಗೆ ಒತ್ತಡ ಏಕೆ ಬದಲಾಗದು?

ಸಗಣಿ ಬಗ್ಗಡ ತುಂಬಿದ ಬಾವಿಯ ಮೇಲೆ ಬೋರಲು ಹಾಕಿದ ಡ್ರಮ್ಮಿನ ಮಾದರಿಯನ್ನು 1950ರ ದಶಕದಲ್ಲಿ ಜಶಭಾಯಿ ಪಟೇಲರು ‘ಗ್ರಾಮಲಕ್ಷ್ಮಿ’ ಎಂಬ ಹೆಸರಿನಲ್ಲಿ ರೂಪಿಸಿದರು. 1960ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಇದನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಿತು. ಇದರ ದೊಡ್ಡ ಗುಣವೆಂದರೆ ಒತ್ತಡ ಸದಾ ಒಂದೇ ಸಮನಾಗಿರುವುದು.

ಇದು ಹೇಗೆಂದು ನೋಡೋಣ. ದಿನಕ್ಕೆ 2 ಘನ ಮೀಟರ್ ಗ್ಯಾಸಿನ ಸ್ಥಾವರವೊಂದರ ಡ್ರಮ್ಮಿನ ಅಡ್ಡಗಲ 1.25 ಮೀಟರ್, ಎತ್ತರ 1 ಮೀಟರ್ ಎಂದಿಟ್ಟುಕೊಳ್ಳಿ. ಡ್ರಮ್ಮಿನ ತೂಕ ಸುಮಾರು 120 ಕಿಲೊ. ಈ ತೂಕವನ್ನು ಒಳಗಿನ ಅನಿಲವೇ ಹೊತ್ತಿರುತ್ತದೆ. 120 ಕಿಲೊ ತೂಕ ಅಷ್ಟು ಅಗಲದ ಮೇಲೆ ಹರಡಿದಾಗ ಬರುವ ಒತ್ತಡ ಸುಮಾರು 10 ಸೆಂ.ಮೀ. ಎತ್ತರದ ನೀರಿನ ಒತ್ತಡಕ್ಕೆ ಸಮ. ಡ್ರಮ್ಮಿನಲ್ಲಿ ಗ್ಯಾಸು ಹೆಚ್ಚಿರಲಿ, ಕಡಿಮೆಯಿರಲಿ, ತೂಕ ಅಷ್ಟೇ ಇರುವುದರಿಂದ ಒತ್ತಡವೂ ಅಷ್ಟೇ. ಗ್ಯಾಸು ಹೆಚ್ಚಾದರೆ ಡ್ರಮ್ಮು ಮೇಲೇರಿ ಜಾಗ ಮಾಡಿಕೊಡುತ್ತದೆ, ಕಡಿಮೆಯಾದರೆ ಕೆಳಗಿಳಿದು ಜಾಗ ಕಿರಿದು ಮಾಡುತ್ತದೆ. ನಿಮ್ಮ ಒಲೆಯ ಉರಿ ಮೊದಲಿನಿಂದ ಕೊನೆಯವರೆಗೆ ಒಂದೇ ತೆರನಾಗಿ ಬರಲು ಇದೇ ಕಾರಣ.

ಅಂದರೆ ನಿಮ್ಮ ಹಿತ್ತಲಲ್ಲಿ ನಿಂತಿರುವ ಡ್ರಮ್ಮು ಒಂದು ಅಳತೆಯ ಪಾತ್ರೆಯೂ ಹೌದು. ಈ ಡ್ರಮ್ಮು 1 ಸೆಂ.ಮೀ. ಏರಿದರೆ ಒಳಗೆ ಸುಮಾರು 12.3 ಲೀಟರ್ ಅನಿಲದ ಗಾತ್ರ ಹೆಚ್ಚಿದೆ ಎಂದು ತಿಳಿಯಬಹುದು. ಆದರೆ ಗಾತ್ರ ಹೆಚ್ಚಿದ ಮಾತ್ರಕ್ಕೆ ಗ್ಯಾಸು ಹೆಚ್ಚಿತೆಂದು ತಿಳಿಯಬಾರದು. ಇಲ್ಲಿಯೇ ಬಿಸಿಲಿನ ಪಾಲು ಬರುತ್ತದೆ.

ಕಾದ ಅನಿಲ ಹಿಗ್ಗುತ್ತದೆ

ಅನಿಲದ ಕಣಗಳು ಸದಾ ಓಡಾಡುತ್ತಿರುತ್ತವೆ. ಕಾಯಿಸಿದಾಗ ಅವುಗಳ ಓಟ ಹೆಚ್ಚುತ್ತದೆ, ಡ್ರಮ್ಮಿನ ಗೋಡೆಗೆ ಇನ್ನೂ ಜೋರಾಗಿ ಬಡಿಯುತ್ತವೆ. ಡ್ರಮ್ಮು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಾಗಿದ್ದರೆ ಒತ್ತಡ ಏರುತ್ತಿತ್ತು. ಆದರೆ ಇದು ತೇಲುವ ಡ್ರಮ್ಮು. ಆದ್ದರಿಂದ ಅದು ಮೇಲೆ ಸರಿದು, ಒತ್ತಡ ಮೊದಲಿನಷ್ಟೇ ಆಗುವವರೆಗೆ ಗಾತ್ರವನ್ನು ಹೆಚ್ಚಿಸುತ್ತದೆ. ಒತ್ತಡ ಬದಲಾಗದಿರುವಾಗ ಅನಿಲದ ಗಾತ್ರ ಉಷ್ಣತೆಯೊಡನೆ ಒಂದೇ ಪ್ರಮಾಣದಲ್ಲಿ ಏರಿಳಿಯುತ್ತದೆ ಎಂಬ ಈ ನಿಯಮಕ್ಕೆ ಚಾರ್ಲ್ಸ್‌ನ ನಿಯಮವೆಂದು ಹೆಸರು.

ಚಾರ್ಲ್ಸ್ ಫ್ರಾನ್ಸ್ ದೇಶದ ವಿಜ್ಞಾನಿ. ಜಲಜನಕ ತುಂಬಿದ ಬಲೂನನ್ನು ಮೊದಲು ಹಾರಿಸಿದವನು ಈತ. 1783ರ ಆಗಸ್ಟ್ 27ರಂದು ಪ್ಯಾರಿಸಿನಿಂದ ಹಾರಿಬಿಟ್ಟ ಆ ಬಲೂನು, ಗೊನೆಸ್ ಎಂಬ ಹಳ್ಳಿಯ ಹತ್ತಿರ ಇಳಿಯಿತು. ಬಲೂನನ್ನು ಎಂದೂ ಕಾಣದ ಅಲ್ಲಿನ ಒಕ್ಕಲು ಮಕ್ಕಳು ಅದನ್ನು ಯಾವುದೋ ಭೂತವೆಂದು ಹೆದರಿ, ಹುಲ್ಲು ಎತ್ತುವ ಕವೆಗೋಲುಗಳಿಂದ ತಿವಿದು ಹರಿದು ಹಾಕಿದರು. ಅದೇ ವರ್ಷ ಡಿಸೆಂಬರ್ 1ರಂದು ಚಾರ್ಲ್ಸ್ ತಾನೇ ಒಬ್ಬ ಸಂಗಡಿಗನೊಡನೆ ಬಲೂನಿನಲ್ಲಿ ಮೇಲೇರಿದನು. ಚೀಲದೊಳಗಿನ ಅನಿಲ ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಎಂಬುದು ಅಂಥವನಿಗೆ ಪ್ರಾಣದ ಪ್ರಶ್ನೆಯೇ ಆಗಿತ್ತು. 1787ರ ಸುಮಾರಿಗೆ ಈತ ಮಾಡಿದ ಪ್ರಯೋಗಗಳನ್ನು ಪ್ರಕಟಿಸಲಿಲ್ಲ. 1802ರಲ್ಲಿ ಅದೇ ದೇಶದ ಗೇ ಲುಸಾಕ್ ತನ್ನ ಅಳತೆಗಳನ್ನು ಪ್ರಕಟಿಸುವಾಗ ಚಾರ್ಲ್ಸ್‌ನ ಕೆಲಸವನ್ನು ಸ್ಮರಿಸಿದ್ದರಿಂದ ಆತನ ಹೆಸರು ಉಳಿಯಿತು.

ಇವರು ಕಂಡ ವಿಶೇಷವೆಂದರೆ, ಅನಿಲ ಯಾವುದೇ ಇರಲಿ, ಹಿಗ್ಗುವ ಪ್ರಮಾಣ ಹೆಚ್ಚು ಕಡಿಮೆ ಒಂದೇ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಗಾತ್ರದ 273ರಲ್ಲಿ ಒಂದು ಪಾಲಿನಷ್ಟು, ಪ್ರತಿಯೊಂದು ಡಿಗ್ರಿಗೂ ಹಿಗ್ಗುತ್ತದೆ. ಗೋಬರ್ ಗ್ಯಾಸಿನಲ್ಲಿ ನೂರಕ್ಕೆ 55ರಿಂದ 65 ಭಾಗ ಮೀಥೇನ್, ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈ ಆಕ್ಸೈಡ್. ಎರಡೂ ಇದೇ ಲೆಕ್ಕಕ್ಕೆ ಒಳಪಡುವುದರಿಂದ ಮಿಶ್ರಣದ ಪ್ರಮಾಣ ನಮಗೆ ಮುಖ್ಯವಲ್ಲ.

ಸುಲಭವಾಗಿ ನೆನಪಿಡಲು ಹೀಗೆ ಎಣಿಸಿ. ಸೊನ್ನೆ ಡಿಗ್ರಿಯಲ್ಲಿ 273 ಲೀಟರ್ ಇರುವ ಅನಿಲ, 1 ಡಿಗ್ರಿಯಲ್ಲಿ 274 ಲೀಟರ್ ಆಗುತ್ತದೆ. 20 ಡಿಗ್ರಿಯಲ್ಲಿ 293 ಲೀಟರ್, 45 ಡಿಗ್ರಿಯಲ್ಲಿ 318 ಲೀಟರ್. ಉಷ್ಣತೆಗೆ 273 ಕೂಡಿಸಿ ಬಂದ ಅಂಕಿಯೇ ಗಾತ್ರದ ಅಳತೆಗೋಲು. ಆದ್ದರಿಂದ 20 ಡಿಗ್ರಿ 40 ಡಿಗ್ರಿಯಾದರೆ ಗಾತ್ರ ಇಮ್ಮಡಿಯಾಗುವುದಿಲ್ಲ. 293 ಇದ್ದದ್ದು 313 ಆಗುತ್ತದೆ, ಅಷ್ಟೆ.

ಲೆಕ್ಕ ಹಾಕಿ ನೋಡೋಣ

ಮುಂಜಾನೆ ಅನಿಲದ ಉಷ್ಣತೆ 20 ಡಿಗ್ರಿ ಇದ್ದು, ಡ್ರಮ್ಮಿನಲ್ಲಿ 60 ಸೆಂ.ಮೀ. ಎತ್ತರದ ಗ್ಯಾಸು ಇದೆ ಎಂದಿಟ್ಟುಕೊಳ್ಳಿ. ಹೊಸ ಗ್ಯಾಸು ಹುಟ್ಟದೆ, ಇದ್ದದ್ದು ಖರ್ಚಾಗದೆ, ಬರಿಯ ಬಿಸಿಲಿಗೆ ಕಾದರೆ ಎತ್ತರ ಹೀಗೆ ಬದಲಾಗುತ್ತದೆ:

26 ಡಿಗ್ರಿಯಲ್ಲಿ 61.2 ಸೆಂ.ಮೀ.
32 ಡಿಗ್ರಿಯಲ್ಲಿ 62.5 ಸೆಂ.ಮೀ.
38 ಡಿಗ್ರಿಯಲ್ಲಿ 63.7 ಸೆಂ.ಮೀ.
44 ಡಿಗ್ರಿಯಲ್ಲಿ 64.9 ಸೆಂ.ಮೀ.
50 ಡಿಗ್ರಿಯಲ್ಲಿ 66.1 ಸೆಂ.ಮೀ.

ಕಬ್ಬಿಣದ ತಗಡಿನ ಡ್ರಮ್ಮು, ಅದರಲ್ಲಿಯೂ ಕಪ್ಪು ಬಣ್ಣದ್ದು, ಬೇಸಗೆಯ ನಡುಹಗಲಿನಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ. ಆದ್ದರಿಂದ ಹೊರಗಿನ ಗಾಳಿಗಿಂತ ಒಳಗಿನ ಅನಿಲ ಹೆಚ್ಚು ಬಿಸಿಯಾಗುವುದು ಸಹಜ. ಆದರೂ ಬಿಸಿಲಿನ ಪಾಲು ಇದ್ದ ಗ್ಯಾಸಿನ ಹತ್ತರಲ್ಲಿ ಒಂದನ್ನು ದಾಟುವುದು ಅಪರೂಪ. ಬಾಯಿಲೆಕ್ಕಕ್ಕೆ ಒಂದು ಸೂತ್ರ: ಮೂರು ಡಿಗ್ರಿ ಏರಿದರೆ ನೂರಕ್ಕೆ ಒಂದು ಹಿಗ್ಗುತ್ತದೆ, ಮೂರು ಡಿಗ್ರಿ ಇಳಿದರೆ ನೂರಕ್ಕೆ ಒಂದು ಕುಗ್ಗುತ್ತದೆ. ಇಷ್ಟನ್ನು ನೆನಪಿಟ್ಟರೆ ಸಾಕು.

ಇನ್ನು ಸಗಣಿಯ ಪಾಲನ್ನು ನೋಡಿ. ಒಂದು ಕಿಲೊ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸು ಸಿಗುತ್ತದೆ. ದಿನಕ್ಕೆ 50 ಕಿಲೊ ಸಗಣಿ ಬಿದ್ದರೆ 2,000 ಲೀಟರ್, ಅಂದರೆ 2 ಘನ ಮೀಟರ್. ಗಂಟೆಗೆ ಸುಮಾರು 83 ಲೀಟರ್ ಆಯಿತು. ಮೇಲೆ ಹೇಳಿದ ಡ್ರಮ್ಮು ಗಂಟೆಗೆ ಹೆಚ್ಚು ಕಡಿಮೆ 7 ಸೆಂ.ಮೀ. ಏರಬೇಕು. ಬೆಳಿಗ್ಗೆ 7ರಿಂದ 11ರವರೆಗಿನ ನಾಲ್ಕು ಗಂಟೆಗಳಲ್ಲಿ ಸಗಣಿಯಿಂದ 27 ಸೆಂ.ಮೀ., ಬಿಸಿಲಿನಿಂದ 5 ಸೆಂ.ಮೀ. ಬಂದೀತು. ಹೊಟ್ಟೆತುಂಬ ಮೇವು ಪಡೆದ ಸ್ಥಾವರದಲ್ಲಿ ಬಿಸಿಲಿನ ಪಾಲು ಇಷ್ಟು ಸಣ್ಣದು.

ಆದರೆ ಅದೇ ಸ್ಥಾವರಕ್ಕೆ 50 ಕಿಲೊ ಬದಲು 15 ಕಿಲೊ ಸಗಣಿಯನ್ನಷ್ಟೇ ಹಾಕುತ್ತಿದ್ದೀರಿ ಎನ್ನೋಣ. ಆಗ ನಾಲ್ಕು ಗಂಟೆಗಳಲ್ಲಿ ಸಗಣಿಯಿಂದ ಬರುವುದು 8 ಸೆಂ.ಮೀ. ಮಾತ್ರ. ಬಿಸಿಲಿನ 5 ಸೆಂ.ಮೀ. ಸೇರಿ ಡ್ರಮ್ಮು 13 ಸೆಂ.ಮೀ. ಏರಿದಂತೆ ಕಾಣುತ್ತದೆ. ಸಂಜೆ ತಂಪಾದಾಗ ಆ 5 ಸೆಂ.ಮೀ. ಹಿಂದಿರುಗಿ ಹೋಗುತ್ತದೆ. ಹಗಲೆಲ್ಲ ಚೆನ್ನಾಗಿ ಏರಿದ ಡ್ರಮ್ಮು ರಾತ್ರಿ ಅಡುಗೆಗೆ ಕೈಕೊಟ್ಟಿತು ಎಂಬ ದೂರು ಹುಟ್ಟುವುದು ಇಂಥ ಕಡೆಯೇ. ಹಸಿದ ಸ್ಥಾವರದ ಹಸಿವನ್ನು ಬಿಸಿಲು ಮುಚ್ಚಿಡುತ್ತದೆ. ಮನೆಯಲ್ಲಿ ನಾಲ್ಕು ದನಗಳಿದ್ದಾಗ ಕಟ್ಟಿಸಿದ ಸ್ಥಾವರಕ್ಕೆ ಈಗ ಎರಡೇ ದನಗಳ ಸಗಣಿ ಬೀಳುತ್ತಿದ್ದರೆ, ತಪ್ಪು ಡ್ರಮ್ಮಿನದಲ್ಲ.

ಹಿಗ್ಗಿದ್ದು ಗಾತ್ರ, ಕಾವಲ್ಲ

ಬಿಸಿಲಿಗೆ 60 ಸೆಂ.ಮೀ. ಇದ್ದದ್ದು 65 ಆಯಿತಲ್ಲ, ಅಷ್ಟು ಹೆಚ್ಚು ಅಡುಗೆ ಆದೀತೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಉರಿಯುವುದು ಮೀಥೇನಿನ ಕಣಗಳು. ಅವುಗಳ ಸಂಖ್ಯೆ ಬಿಸಿಲಿನಿಂದ ಒಂದೂ ಹೆಚ್ಚಿಲ್ಲ, ದೂರ ದೂರ ಸರಿದು ನಿಂತಿವೆ ಅಷ್ಟೆ. ಅರಳು ಹುರಿದರೆ ಸೇರು ತುಂಬಿ ಹೊರಚೆಲ್ಲಿದರೂ ಕಾಳಿನ ತೂಕ ಹೆಚ್ಚುವುದಿಲ್ಲ, ಹಾಗೆಯೇ ಇದು. ನೆಲದಲ್ಲಿ ಹೂಳಿದ ಕೊಳವೆಯಲ್ಲಿ ಹರಿದು ಒಲೆ ಮುಟ್ಟುವ ಹೊತ್ತಿಗೆ ಅನಿಲ ಮತ್ತೆ ತಂಪಾಗಿ ತನ್ನ ಹಳೆಯ ಗಾತ್ರಕ್ಕೆ ಕುಗ್ಗಿರುತ್ತದೆ. ಆದ್ದರಿಂದ ನಡುಹಗಲಿನ ಡ್ರಮ್ಮಿನ ಎತ್ತರವನ್ನು ನಂಬಿ ನೆಂಟರ ಅಡುಗೆಗೆ ಒಪ್ಪಿಕೊಳ್ಳಬೇಡಿ. ಮುಂಜಾನೆಯ ಎತ್ತರವೇ ನಿಜವಾದ ದಾಸ್ತಾನು.

ಸೋರಿಕೆಯೋ, ಕುಗ್ಗುವಿಕೆಯೋ?

ಮೇ ತಿಂಗಳ ಮಧ್ಯಾಹ್ನ 48 ಡಿಗ್ರಿಗೆ ಕಾದ ಅನಿಲ, ಮಳೆ ಹೊಡೆದು 25 ಡಿಗ್ರಿಗೆ ಇಳಿಯಿತೆನ್ನಿ. 23 ಡಿಗ್ರಿ ಇಳಿಕೆಗೆ ನೂರಕ್ಕೆ 7ರಷ್ಟು ಕುಗ್ಗಬೇಕು. 60 ಸೆಂ.ಮೀ. ಇದ್ದ ಡ್ರಮ್ಮು ಸುಮಾರು 56ಕ್ಕೆ ಬರುತ್ತದೆ. ಕಾಲು ಗಂಟೆಯಲ್ಲಿ ಹುಟ್ಟುವ ಹೊಸ ಗ್ಯಾಸಿನಿಂದ ಈ ಇಳಿಕೆಯನ್ನು ತುಂಬಿಕೊಡಲಾಗದು. ಆದ್ದರಿಂದ ಡ್ರಮ್ಮು ಕಣ್ಣೆದುರಿಗೇ ಇಳಿಯುತ್ತದೆ. ಇದು ಸೋರಿಕೆಯಲ್ಲ. ವೆಲ್ಡಿಂಗ್ ಮಾಡುವವರನ್ನು ಕರೆಸುವ ಅಗತ್ಯವಿಲ್ಲ.

ಹಾಗೆಂದು ಸೋರಿಕೆ ಇರುವುದೇ ಇಲ್ಲವೆಂದಲ್ಲ. ತುಕ್ಕು ಹಿಡಿದ ಡ್ರಮ್ಮು, ಸಡಿಲಾದ ಜೋಡಣೆ, ಬಿರಿದ ರಬ್ಬರು ಕೊಳವೆ ಇವೆಲ್ಲ ಸೋರುತ್ತವೆ. ಎರಡನ್ನೂ ಬೇರ್ಪಡಿಸಲು ಬಿಸಿಲಿನ ಆಟ ಮುಗಿದ ಹೊತ್ತನ್ನು ಆರಿಸಿಕೊಳ್ಳಬೇಕು. ಹೀಗೆ ಮಾಡಿ:

1. ಡ್ರಮ್ಮಿನ ಪಕ್ಕದಲ್ಲಿ ಬಾವಿಯ ಕಟ್ಟೆಯ ಮೇಲೆ ಅಲುಗಾಡದ ಒಂದು ಗುರುತು ಮಾಡಿ. ಡ್ರಮ್ಮಿನ ಮೈಮೇಲೆ ಮೇಲಿನಿಂದ ಕೆಳಕ್ಕೆ ಬಣ್ಣದಲ್ಲಿ ಸೆಂ.ಮೀ. ಗೆರೆಗಳನ್ನು ಎಳೆಯಿರಿ. ಡ್ರಮ್ಮು ತಿರುಗುವುದರಿಂದ ಎರಡು ಮೂರು ಕಡೆ ಗೆರೆ ಇರಲಿ.

2. ರಾತ್ರಿ 10 ಗಂಟೆಗೆ, ಡ್ರಮ್ಮು ಪೂರ್ಣ ತಂಪಾದ ಮೇಲೆ, ಡ್ರಮ್ಮಿನ ಬಳಿಯ ಮುಖ್ಯ ನಲ್ಲಿಯನ್ನು ಮುಚ್ಚಿ ಎತ್ತರ ಬರೆದಿಡಿ.

3. ಬೆಳಿಗ್ಗೆ 6 ಗಂಟೆಗೆ, ಬಿಸಿಲು ಬೀಳುವ ಮೊದಲು, ಮತ್ತೆ ಎತ್ತರ ನೋಡಿ. ಎಂಟು ಗಂಟೆಗಳಲ್ಲಿ ಎಷ್ಟು ಏರಿದೆ ಎಂಬುದನ್ನು 3ರಿಂದ ಗುಣಿಸಿದರೆ ದಿನದ ಉತ್ಪತ್ತಿ ಸಿಗುತ್ತದೆ. ಉದಾಹರಣೆಗೆ 32 ಸೆಂ.ಮೀ. ಏರಿದ್ದರೆ ದಿನಕ್ಕೆ 96 ಸೆಂ.ಮೀ. ಇದನ್ನು 12.3ರಿಂದ ಗುಣಿಸಿದರೆ ಸುಮಾರು 1,180 ಲೀಟರ್.

4. ಈ ಅಂಕಿಯನ್ನು ನೀವು ಹಾಕುವ ಸಗಣಿಯ ತೂಕದೊಡನೆ ಹೋಲಿಸಿ. 30 ಕಿಲೊ ಹಾಕುತ್ತಿದ್ದರೆ 1,200 ಲೀಟರ್ ಬರಬೇಕು. ಹತ್ತಿರ ಹತ್ತಿರ ಸರಿಹೋದರೆ ನಿಮ್ಮ ಸ್ಥಾವರ ಆರೋಗ್ಯವಾಗಿದೆ ಎಂದು ತಿಳಿಯಿರಿ.

5. ರಾತ್ರಿಯಿಡೀ ಡ್ರಮ್ಮು ಏರದೆ ನಿಂತಿದ್ದರೆ ಅಥವಾ ಇಳಿದಿದ್ದರೆ, ಡ್ರಮ್ಮಿನ ಮೇಲ್ಮೈ, ನಲ್ಲಿ ಮತ್ತು ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ. ಗುಳ್ಳೆ ಬಂದಲ್ಲಿ ಸೋರಿಕೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವುದು ಪ್ರಾಣಾಪಾಯದ ಕೆಲಸ, ಎಂದೂ ಮಾಡಬೇಡಿ.

ನಡುಹಗಲಿನ ಪೋಲು

ಡ್ರಮ್ಮು ತುಂಬಿ ಅದರ ಕೆಳ ಅಂಚು ಬಗ್ಗಡದ ಮಟ್ಟಕ್ಕೆ ಬಂದಾಗ ಗ್ಯಾಸು ಅಂಚಿನಿಂದ ಗುಳುಗುಳು ಸದ್ದು ಮಾಡುತ್ತ ಹೊರಗೆ ಹೋಗುತ್ತದೆ. ಹೀಗೆ ಹೋದದ್ದು ಸಂಜೆ ತಂಪಾದಾಗ ಹಿಂದಿರುಗದು. ಬಿಸಿಲು ಹಿಗ್ಗಿಸಿದ್ದು ಸುಳ್ಳು ಗ್ಯಾಸಾದರೂ ಅಂಚಿನಿಂದ ಪೋಲಾಗುವುದು ನಿಜವಾದ ಗ್ಯಾಸು ಎಂಬುದನ್ನು ಮರೆಯಬಾರದು. ಜೊತೆಗೆ ಮೀಥೇನ್ ಅನಿಲ ಭೂಮಿಯ ವಾತಾವರಣವನ್ನು ಬಿಸಿ ಮಾಡುವುದರಲ್ಲಿ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 27 ಪಟ್ಟು ಬಲವಾದದ್ದು. ಉರಿಸಿ ಬಳಸಿದರೆ ಅಡುಗೆಯೂ ಆಯಿತು, ವಾತಾವರಣಕ್ಕೂ ಹಿತ.

ಆದ್ದರಿಂದ ಬೆಳಗಿನ ಹೊತ್ತು ಡ್ರಮ್ಮಿನಲ್ಲಿ ಮಧ್ಯಾಹ್ನದವರೆಗಿನ ಹೊಸ ಉತ್ಪತ್ತಿಗೆ ಬೇಕಾದ ಜಾಗದ ಜೊತೆಗೆ ಹತ್ತರಲ್ಲಿ ಒಂದು ಪಾಲು ಜಾಗವನ್ನು ಬಿಸಿಲಿಗೆಂದು ಬಿಡಿ. ಮನೆಯ ಹೆಣ್ಣುಮಕ್ಕಳು ಬೇಳೆ ಬೇಯಿಸುವುದು, ಸ್ನಾನದ ನೀರು ಕಾಯಿಸುವುದು ಮುಂತಾದ ಹೆಚ್ಚು ಗ್ಯಾಸಿನ ಕೆಲಸಗಳನ್ನು ಬೆಳಿಗ್ಗೆಯೇ ಮುಗಿಸಿದರೆ ಈ ಜಾಗ ತಾನಾಗಿಯೇ ಸಿಗುತ್ತದೆ.

ಬರಿದಾದ ಡ್ರಮ್ಮಿನ ಅಪಾಯ

ಇದು ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಡ್ರಮ್ಮು ತೇಲುತ್ತಿರುವವರೆಗೆ ಅನಿಲ ಕುಗ್ಗಿದರೂ ಡ್ರಮ್ಮು ಇಳಿದು ಸರಿಹೊಂದಿಸಿಕೊಳ್ಳುತ್ತದೆ, ಒತ್ತಡ ಹೊರಗಿನ ಗಾಳಿಗಿಂತ ಹೆಚ್ಚೇ ಇರುತ್ತದೆ. ಗಾಳಿ ಒಳನುಗ್ಗಲಾರದು. ಆದರೆ ಸಂಜೆ ಗ್ಯಾಸನ್ನೆಲ್ಲ ಉರಿಸಿ, ಡ್ರಮ್ಮು ಬಾವಿಯೊಳಗಿನ ಅಂಚುಕಟ್ಟೆಯ ಮೇಲೆ ಕುಳಿತುಬಿಟ್ಟರೆ ಅದು ಇನ್ನು ಇಳಿಯಲಾರದು. ಆಗ ಉಳಿದ ಅಲ್ಪ ಅನಿಲ ರಾತ್ರಿಯ ತಂಪಿಗೆ ಕುಗ್ಗಿದರೆ ಒಳಗೆ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಒಲೆಯ ನಲ್ಲಿ ತೆರೆದಿದ್ದರೆ ಅದರ ಮೂಲಕ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಭಾಗ ಬೆರೆತಾಗ ಕಿಡಿ ತಾಗಿದರೆ ಸಿಡಿಯುತ್ತದೆ. ಮರುದಿನ ಬೆಳಿಗ್ಗೆ ಕಡ್ಡಿ ಗೀರಿದವರ ಗತಿ ಏನಾದೀತು, ಯೋಚಿಸಿ.

ಆದ್ದರಿಂದ ಡ್ರಮ್ಮನ್ನು ಎಂದೂ ಪೂರ್ತಿ ಬರಿದು ಮಾಡಬೇಡಿ. ಒಂದು ಗೇಣು ಎತ್ತರದಷ್ಟಾದರೂ ಗ್ಯಾಸು ಉಳಿಸಿ. ಅಡುಗೆ ಮುಗಿದೊಡನೆ ಒಲೆಯ ನಲ್ಲಿ, ಮುಖ್ಯ ನಲ್ಲಿ ಎರಡನ್ನೂ ಮುಚ್ಚಿ. ಅಕಸ್ಮಾತ್ ಡ್ರಮ್ಮು ತಳ ಮುಟ್ಟಿದ್ದರೆ ಅಥವಾ ಸ್ಥಾವರವನ್ನು ಹೊಸದಾಗಿ ಆರಂಭಿಸುತ್ತಿದ್ದರೆ, ಮೊದಲು ತುಂಬಿದ ಒಂದು ಡ್ರಮ್ಮು ಅನಿಲವನ್ನು ಬೆಂಕಿ ಇಲ್ಲದ ಬಯಲಿನಲ್ಲಿ ಹೊರಬಿಟ್ಟು, ಅನಂತರ ಬಳಸಿ. ಬಾವಿಯ ಹತ್ತಿರ ಬೀಡಿ, ಲಾಂದ್ರ ತರಬೇಡಿ. ದುರಸ್ತಿಗೆಂದು ಬಾವಿಯೊಳಗೆ ಇಳಿಯುವ ಸಾಹಸವನ್ನಂತೂ ನೀವಾಗಿಯೇ ಮಾಡಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ.

ಕೊಳವೆಯಲ್ಲಿ ನೀರು

ಬಗ್ಗಡದ ಮೇಲಿರುವ ಗ್ಯಾಸು ನೀರಾವಿಯಿಂದ ತುಂಬಿರುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಅನಿಲ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲದು. 20 ಡಿಗ್ರಿಗೆ ತಂಪಾದರೆ 17 ಗ್ರಾಂ ಮಾತ್ರ. ಉಳಿದ 13 ಗ್ರಾಂ ನೀರಾಗಿ ಕೊಳವೆಯಲ್ಲಿ ನಿಲ್ಲುತ್ತದೆ. ದಿನಕ್ಕೆ 2 ಘನ ಮೀಟರ್ ಗ್ಯಾಸು ಹರಿದರೆ ತಿಂಗಳಿಗೆ ಮುಕ್ಕಾಲು ಲೀಟರಿಗೂ ಹೆಚ್ಚು ನೀರು ಸೇರಿತು. ಡ್ರಮ್ಮು ತುಂಬಿದ್ದರೂ ಉರಿ ಕುಣಿಯುವುದು, ಆರಿಹೋಗುವುದು ಇದರಿಂದಲೇ. ಕೊಳವೆಗೆ ನೂರು ಅಡಿಗೆ ಒಂದು ಅಡಿಯಷ್ಟು ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ ನೀರು ತೆಗೆಯುವ ನಲ್ಲಿ ಇಡಿ. ವಾರಕ್ಕೊಮ್ಮೆ, ಚಳಿಗಾಲದಲ್ಲಿ ಎರಡು ಬಾರಿ, ನೀರು ಬಿಡಿ.

ಚಳಿಗಾಲದ ಕೊರತೆಗೆ ಕಾರಣ ಬೇರೆ

ಚಳಿಗಾಲದಲ್ಲಿ ಗ್ಯಾಸು ಕುಗ್ಗುವುದರಿಂದಲೇ ಕೊರತೆ ಎಂದು ತಿಳಿದವರಿದ್ದಾರೆ. ಮೂರು ಡಿಗ್ರಿಗೆ ನೂರಕ್ಕೆ ಒಂದು ಎಂಬ ಸೂತ್ರವನ್ನು ಇಲ್ಲಿ ಹಚ್ಚಿ ನೋಡಿ. ಅನಿಲದ ಸರಾಸರಿ ಉಷ್ಣತೆ 30 ಡಿಗ್ರಿಯಿಂದ 20ಕ್ಕೆ ಇಳಿದರೆ ಗಾತ್ರ ನೂರಕ್ಕೆ 3ರಿಂದ 4 ಕುಗ್ಗುತ್ತದೆ. ನೀರಾವಿ ಕಡಿಮೆಯಾಗುವುದನ್ನು ಸೇರಿಸಿದರೂ 5-6ನ್ನು ದಾಟದು. ಆದರೆ ನಿಮ್ಮ ಅನುಭವದಲ್ಲಿ ಗ್ಯಾಸು ಮೂರನೆಯ ಒಂದು ಪಾಲು, ಕೆಲವೆಡೆ ಅರ್ಧದಷ್ಟು ಕಡಿಮೆಯಾಗುತ್ತದೆ. ಉಳಿದ ಕೊರತೆ ಎಲ್ಲಿಂದ ಬಂತು?

ಅದು ಬಂದದ್ದು ಬಾವಿಯೊಳಗಿನ ಸೂಕ್ಷ್ಮಜೀವಿಗಳಿಂದ. ಸಗಣಿಯನ್ನು ಗ್ಯಾಸಾಗಿ ಮಾರ್ಪಡಿಸುವ ಈ ಜೀವಿಗಳಿಗೆ 35 ಡಿಗ್ರಿಯ ಹತ್ತಿರದ ಹದ ಬೇಕು. ಬಗ್ಗಡ 20 ಡಿಗ್ರಿಗಿಂತ ತಂಪಾದರೆ ಅವುಗಳ ಕೆಲಸ ಬಹಳ ಮಂದವಾಗುತ್ತದೆ. 10 ಡಿಗ್ರಿಯ ಹತ್ತಿರ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಅಂದರೆ ಚಳಿಗಾಲದಲ್ಲಿ ಕಾಪಾಡಬೇಕಾದದ್ದು ಡ್ರಮ್ಮಿನ ಅನಿಲವನ್ನಲ್ಲ, ಬಾವಿಯ ಬಗ್ಗಡವನ್ನು. ಇದಕ್ಕೆ ಕೆಲವು ಉಪಾಯಗಳು:

1. ಬೆಳಗಿನ ತಣ್ಣೀರಿನಲ್ಲಿ ಸಗಣಿ ಕದಡಬೇಡಿ. ನೀರನ್ನು ಬಿಸಿಲಿನಲ್ಲಿ ಇಟ್ಟು, ಮಧ್ಯಾಹ್ನ 2-3 ಗಂಟೆಗೆ ಆ ಬೆಚ್ಚನೆಯ ನೀರಿನಲ್ಲಿ ಕದಡಿ ಹಾಕಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಡ್ರಮ್ಮಿನ ನೆತ್ತಿಯ ಮೇಲೆಯೇ ನೀರನ್ನು ನಿಲ್ಲಿಸಿ ಬಿಸಿಲಿನಿಂದ ಕಾಯಿಸುವ ಮಾದರಿಯನ್ನು ರೂಪಿಸಿ 1979ರಲ್ಲಿ ಪ್ರಕಟಿಸಿದ್ದರು. ತತ್ತ್ವ ಇದೇ.

2. ಸಗಣಿಗೆ ಸಮ ಪ್ರಮಾಣದ ನೀರು ಸಾಕು. ಹೆಚ್ಚು ನೀರು ಹಾಕಿದರೆ ಕಾಯಿಸಬೇಕಾದ ಭಾರ ಹೆಚ್ಚುತ್ತದೆ, ಸಗಣಿ ಬಾವಿಯಲ್ಲಿ ನಿಲ್ಲುವ ದಿನಗಳೂ ಕಡಿಮೆಯಾಗುತ್ತವೆ.

3. ಬಾವಿಯ ಸುತ್ತ ನೆಲದ ಮೇಲಿನ ಭಾಗಕ್ಕೆ ಹುಲ್ಲು, ಹೊಟ್ಟು, ಕಸಕಡ್ಡಿಗಳನ್ನು ಒಟ್ಟಿ. ಅಲ್ಲಿಯೇ ಕಾಂಪೋಸ್ಟ್ ಗುಂಡಿ ಮಾಡಿಕೊಂಡರೆ ಅದು ಕೊಳೆಯುವಾಗ ಹುಟ್ಟುವ ಶಾಖ ಬಾವಿಗೆ ಸಿಗುತ್ತದೆ.

4. ರಾತ್ರಿ ಡ್ರಮ್ಮಿನ ಮೇಲೆ ಗೋಣಿತಾಟು ಹೊದಿಸಿ, ಬಿಸಿಲು ಬಂದೊಡನೆ ತೆಗೆಯಿರಿ. ಸ್ಥಾವರದ ಮೇಲೆ ನೆರಳು ಬೀಳಿಸುವ ಮರದ ಕೊಂಬೆಗಳನ್ನು ಸವರಿ. ಹಗಲಿನ ಬಿಸಿಲು ಡ್ರಮ್ಮನ್ನು ಹಿಗ್ಗಿಸುವುದು ಲಾಭವಲ್ಲ, ಆದರೆ ಬಗ್ಗಡಕ್ಕೆ ಬೆಚ್ಚಗೆ ಕೊಡುವುದು ಲಾಭವೇ.

5. ಚಳಿಗಾಲದಲ್ಲಿ ಸಗಣಿ ತೂಕ ಕಡಿಮೆಯಾಗದಂತೆ ನೋಡಿಕೊಳ್ಳಿ. ಒಂದು ವಾರ ತಪ್ಪಿಸಿ ಅನಂತರ ಒಟ್ಟಿಗೆ ಸುರಿಯುವುದು ಸರಿಯಲ್ಲ.

ಬೇರೆ ಮಾದರಿಗಳಲ್ಲಿ ಹೇಗೆ?

1984ರಲ್ಲಿ ಬಂದ ‘ದೀನಬಂಧು’ ಮುಂತಾದ ಸ್ಥಿರ ಗುಮ್ಮಟದ ಸ್ಥಾವರಗಳಲ್ಲಿ ಏಳುವ ಡ್ರಮ್ಮು ಇಲ್ಲ. ಗ್ಯಾಸು ಹೆಚ್ಚಿದಂತೆ ಬಗ್ಗಡವನ್ನು ಹೊರತೊಟ್ಟಿಗೆ ತಳ್ಳುತ್ತದೆ, ಒತ್ತಡವೂ ಏರುತ್ತದೆ. ಗುಮ್ಮಟದ ಮೇಲೆ ಮಣ್ಣು ಮುಚ್ಚಿರುವುದರಿಂದ ಹಗಲು ರಾತ್ರಿಯ ಏರಿಳಿತ ಒಳಗಿನ ಅನಿಲಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಆ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಕಾಪಾಡಿ. ಬಲೂನಿನಂಥ ಚೀಲದ ಸ್ಥಾವರಗಳಲ್ಲಿ ಚೀಲ ಸಡಿಲಾಗಿರುವವರೆಗೆ ಡ್ರಮ್ಮಿನ ಲೆಕ್ಕವೇ. ಬಿಗಿಯಾದ ಮೇಲೆ ಹಿಗ್ಗಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಅಲ್ಲಿ ಹೆಚ್ಚಿನ ಒತ್ತಡ ಹೊರಬಿಡುವ ನೀರಿನ ಬಾಟಲಿ ಅಥವಾ ಸುರಕ್ಷಾ ನಲ್ಲಿ ಕೆಲಸ ಮಾಡುತ್ತಿದೆಯೇ ಎಂದು ಆಗಾಗ ನೋಡಬೇಕು. ಟ್ರ್ಯಾಕ್ಟರಿನ ಟೈರಿನದೂ ಇದೇ ಕಥೆ. ಅಲ್ಲಿ ಗಾತ್ರ ಹೆಚ್ಚಲಾಗದೆ ಒತ್ತಡವೇ ಏರುವುದರಿಂದ, ಗಾಳಿಯನ್ನು ಟೈರು ತಣ್ಣಗಿರುವಾಗ ಅಳೆಯಬೇಕು.

ಕಾಳು ತುಂಬಿದ ತಗಡಿನ ಕಣಜವೂ ಇದೇ ನಿಯಮಕ್ಕೆ ಒಳಪಟ್ಟಿದೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಸಂದುಗಳಿಂದ ಹೊರಹೋಗುತ್ತದೆ, ರಾತ್ರಿ ಕುಗ್ಗಿ ಹೊರಗಿನ ತೇವದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. 600 ಲೀಟರ್ ಗಾಳಿ 10 ಡಿಗ್ರಿ ತಂಪಾದರೆ ಸುಮಾರು 20 ಲೀಟರ್ ಹೊಸ ಗಾಳಿ ಒಳಬರುತ್ತದೆ. ದಿನವೂ ಹೀಗಾದರೆ ಮೇಲ್ಪದರದ ಕಾಳಿಗೆ ತೇವ ಹಿಡಿದು ಬೂಷ್ಟು ಕಾಣುತ್ತದೆ. ಕಣಜವನ್ನು ನೆರಳಿನಲ್ಲಿಡಿ, ಮುಚ್ಚಳದ ಸಂದನ್ನು ಭದ್ರಪಡಿಸಿ.

ಕೊನೆಯ ಮಾತು

ಬೇಸಾಯಶಾಸ್ತ್ರದ ದೃಷ್ಟಿಯಿಂದ ಗೋಬರ್ ಗ್ಯಾಸ್ ಸ್ಥಾವರದ ಅರ್ಧ ಬೆಲೆ ಒಲೆಯಲ್ಲಿದ್ದರೆ ಇನ್ನರ್ಧ ಹೊರತೊಟ್ಟಿಯಲ್ಲಿದೆ. ಹೊರಬರುವ ಬಗ್ಗಡದಲ್ಲಿ ಒಣ ತೂಕದ ಲೆಕ್ಕದಂತೆ ನೂರಕ್ಕೆ ಸುಮಾರು ಒಂದೂವರೆ ಭಾಗ ಸಾರಜನಕವಿರುತ್ತದೆ. ಬೆರಣಿ ಸುಟ್ಟರೆ ಈ ಸಾರಜನಕ ಹೊಗೆಯಾಗಿ ಹೋಗುತ್ತದೆ. ಡ್ರಮ್ಮಿನ ಏರಿಳಿತವನ್ನು ತಪ್ಪಾಗಿ ಓದಿ ಸ್ಥಾವರವನ್ನು ನಿಲ್ಲಿಸಿದರೆ ನಷ್ಟ ಹೊಲದ ತನಕ ಮುಟ್ಟುತ್ತದೆ.

ಹಾಗಾಗಿ ಇಂದೇ ಡ್ರಮ್ಮಿಗೆ ಗೆರೆ ಎಳೆಯಿರಿ. ದಿನವೂ ಬಿಸಿಲು ಬೀಳುವ ಮೊದಲು ಎತ್ತರವನ್ನೂ, ಹಾಕಿದ ಸಗಣಿಯ ತೂಕವನ್ನೂ ಬರೆಯಿರಿ. ಓದುತ್ತಿರುವ ಮಕ್ಕಳಿಗೆ ಈ ಕೆಲಸ ವಹಿಸಿದರೆ ಅವರು ಶಾಲೆಯಲ್ಲಿ ಕಲಿತ ನಿಯಮವನ್ನು ಹಿತ್ತಲಲ್ಲಿಯೇ ಕಾಣುತ್ತಾರೆ. ಒಂದು ತಿಂಗಳ ಲೆಕ್ಕ ಕೈಯಲ್ಲಿದ್ದರೆ ಬಿಸಿಲಿನಿಂದ ಬಂದದ್ದೆಷ್ಟು, ಸಗಣಿಯಿಂದ ಬಂದದ್ದೆಷ್ಟು, ಸೋರಿ ಹೋದದ್ದೆಷ್ಟು ಎಂಬುದು ನಿಮಗೇ ತಿಳಿಯುತ್ತದೆ. ಆಮೇಲೆ ಹಣ ಖರ್ಚು ಮಾಡಬೇಕಾದದ್ದು ವೆಲ್ಡಿಂಗ್‌ಗೋ, ಇನ್ನೊಂದು ಎಮ್ಮೆಗೋ ಎಂಬುದನ್ನು ನೀವೇ ನಿರ್ಧರಿಸಬಹುದು.